ವೆನಿಸ್‌ನಲ್ಲಿ ಮನೆ ಹಿಡಿಯುವ ಮುನ್ನ ಸೇತುವೆ ಎಣಿಸಿ

‘ಸಾನ್ ಮಾರ್ಕೊ ಚೌಕದಿಂದ ಬರೀ 400 ಮೀಟರ್’ ಎಂದು ಜಾಹೀರಾತಿನಲ್ಲಿ ಬರೆದಿರುತ್ತದೆ. ಅದು ಸುಳ್ಳೇನಲ್ಲ. ಮನೆ ಇರುವುದು ದೊರ್ಸೊದೂರೊ ಭಾಗದ ತುದಿಯಲ್ಲಿ, ಸಾಲೂತೆ ಚರ್ಚಿನ ಹಿಂದೆ. ಅಲ್ಲಿಂದ ಸಾನ್ ಮಾರ್ಕೊದ ಗಂಟೆ ಗೋಪುರ ಕೈ ಚಾಚಿದರೆ ಸಿಗುವ ಹಾಗೆ ಕಾಣುತ್ತದೆ. ನಡುವೆ ಗ್ರ್ಯಾಂಡ್ ಕೆನಾಲ್ ಹರಿಯುತ್ತಿದೆ, ಅಷ್ಟೇ. ನಡೆದು ಹೋಗುವುದಾದರೆ ಮೊದಲು ಚೌಕಕ್ಕೆ ಬೆನ್ನು ಮಾಡಿ ಅಕ್ಕಾದೆಮಿಯಾ ಸೇತುವೆಯ ತನಕ ಹೋಗಬೇಕು, ಅದನ್ನು ಹತ್ತಿಳಿಯಬೇಕು, ಆಮೇಲೆ ಆಚೆ ದಡದಲ್ಲಿ ಅಷ್ಟೇ ದೂರ ವಾಪಸ್ ಬರಬೇಕು. ಇಪ್ಪತ್ತು–ಇಪ್ಪತ್ತೈದು ನಿಮಿಷ ಬೇಕು. ಬೋಟಿನಲ್ಲಿ ಹೋದರೆ ಒಂದೇ ಸ್ಟಾಪು. ಆದರೆ ಆ ಒಂದು ಸ್ಟಾಪಿಗೆ ಒಬ್ಬರಿಗೆ 9.50 ಯೂರೋ.

ಇಟಲಿಯ ಬೇರೆ ಊರುಗಳಲ್ಲಿ ‘ಒಳ್ಳೇ ಜಾಗದ ಮನೆ’ ಎಂದರೆ ಏನೆಂದು ಹೇಳುವುದು ಸುಲಭ. ಫ್ಲಾರೆನ್ಸ್‌ನಲ್ಲಿ ಹಳೇ ಊರಿನೊಳಗಿದ್ದರೆ ಸಾಕು, ರೋಮ್‌ನಲ್ಲಿ ಮೆಟ್ರೊ ಹತ್ತಿರವಿದ್ದರೆ ಸಾಕು. ವೆನಿಸ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಊರೊಳಗೆ ಕಾರಿಲ್ಲ, ಆಟೊ ಇಲ್ಲ, ಸೈಕಲ್ಲಿಗೂ ಅನುಮತಿ ಇಲ್ಲ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳು ಹೊಲಿದಿಟ್ಟಿವೆ, ಮತ್ತು ಆ ಸೇತುವೆಗಳಲ್ಲಿ ಬಹುಪಾಲಿಗೆ ಮೆಟ್ಟಿಲು. ಸುಮಾರು 3.8 ಕಿಲೋಮೀಟರ್ ಉದ್ದದ ಗ್ರ್ಯಾಂಡ್ ಕೆನಾಲ್ ದಾಟಲು ಇರುವುದು ನಾಲ್ಕೇ ಸೇತುವೆ: ಕಾನ್ಸ್ತಿತುತ್ಸಿಯೋನೆ, ಸ್ಕಾಲ್ಸಿ, ರಿಯಾಲ್ತೊ, ಅಕ್ಕಾದೆಮಿಯಾ. ಹಾಗಾಗಿ ಇಲ್ಲಿ ದೂರವನ್ನು ಮೀಟರಿನಲ್ಲಿ ಅಳೆದು ಉಪಯೋಗವಿಲ್ಲ. ಬೋಟ್ ಇಳಿದ ಜಾಗದಿಂದ ಮನೆ ಬಾಗಿಲಿನವರೆಗೆ ಎಷ್ಟು ಸೇತುವೆ ಎಂಬುದೇ ಇಲ್ಲಿ ದೂರದ ಅಳತೆ. ಮಿಕ್ಕ ವಿಚಾರಗಳೆಲ್ಲ ಆಮೇಲೆ.

ಕೈಬೀಸಿಕೊಂಡು ನಡೆಯುವವನಿಗೆ ಸೇತುವೆ ಲೆಕ್ಕಕ್ಕಿಲ್ಲ. ಹತ್ತಿ, ನಿಂತು ಫೋಟೊ ತೆಗೆದು, ಇಳಿಯುತ್ತಾನೆ. ಸೂಟ್‌ಕೇಸ್ ಕೈಯಲ್ಲಿದ್ದಾಗಲೇ ಅದರ ತೂಕ ಗೊತ್ತಾಗುವುದು. ಬೆಂಗಳೂರಿನಿಂದ ದುಬೈ ಅಥವಾ ದೋಹಾ ಮೇಲೆ ಬರುವ ಒಂದು ಕುಟುಂಬವನ್ನು ತೆಗೆದುಕೊಳ್ಳಿ: ಗಂಡ, ಹೆಂಡತಿ, ಇಬ್ಬರು ಮಕ್ಕಳು, 23 ಕಿಲೋದ ಮೂರು ದೊಡ್ಡ ಸೂಟ್‌ಕೇಸ್. ಮೊದಲ ಸೇತುವೆಯಲ್ಲಿ ಗಂಡ ಒಂದನ್ನು ಎತ್ತಿಕೊಂಡು ಆಚೆ ಇಳಿಸಿ ದೊಡ್ಡ ಮಗುವನ್ನು ಕಾವಲಿಗೆ ನಿಲ್ಲಿಸುತ್ತಾನೆ, ಹಿಂದಿರುಗಿ ಎರಡನೆಯದು, ಮತ್ತೆ ಹಿಂದಿರುಗಿ ಮೂರನೆಯದು. ಅಂದರೆ ಒಂದು ಸೇತುವೆಯನ್ನು ಐದು ಸಲ ದಾಟಿದ ಹಾಗಾಯಿತು. ಮೆಟ್ಟಿಲಂಚಿನ ಬಿಳಿ ಕಲ್ಲು ಶತಮಾನಗಳ ಕಾಲ್ತುಳಿತಕ್ಕೆ ನುಣುಪಾಗಿರುತ್ತದೆ, ಮಳೆ ಬಿದ್ದರೆ ಜಾರುತ್ತದೆ. ಹಿಂದಿನಿಂದ ಪ್ರವಾಸಿಗಳ ಗುಂಪು ತಳ್ಳುತ್ತಿರುತ್ತದೆ. ಹೀಗೆ ನಾಲ್ಕು ಸೇತುವೆ ಎಂದರೆ ಮನೆ ಮುಟ್ಟುವಷ್ಟರಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರುವುದಿಲ್ಲ.

ಹಾಗಾದರೆ ಎಣಿಸುವುದು ಹೇಗೆ? ಎಷ್ಟೋ ಬುಕಿಂಗ್ ಆಪ್‌ಗಳು ಹಣ ಕಟ್ಟುವವರೆಗೆ ಮನೆಯ ನಿಖರ ಜಾಗ ತೋರಿಸುವುದಿಲ್ಲ, ಒಂದು ವೃತ್ತ ಹಾಕಿ ಬಿಟ್ಟಿರುತ್ತವೆ. ಆದ್ದರಿಂದ ಮೊದಲು ಮಾಲೀಕರಿಗೆ ಸಂದೇಶ ಕಳಿಸಿ ಗಲ್ಲಿಯ ಹೆಸರು ಮತ್ತು ಹತ್ತಿರದ ವಪೊರೆತ್ತೊ ಸ್ಟಾಪಿನ ಹೆಸರು ಕೇಳಿ. ವಪೊರೆತ್ತೊ ಎಂದರೆ ಊರಿನ ಬಸ್ಸಿನಂತೆ ಓಡಾಡುವ ಬೋಟು. ಆಮೇಲೆ ಮ್ಯಾಪ್ ತೆರೆದು, ಸ್ಟಾಪಿನಿಂದ ಮನೆಗೆ ನಡೆಯುವ ದಾರಿ ಹಾಕಿ, ಕಟ್ಟಡಗಳ ಗೆರೆ ಕಾಣುವಷ್ಟು ಹಿಗ್ಗಿಸಿ. ದಾರಿಯ ಚುಕ್ಕಿಗೆರೆ ನೀಲಿಯನ್ನು ದಾಟುವ ಕಡೆಯೆಲ್ಲ ಒಂದೊಂದು ಸೇತುವೆ. ಅಷ್ಟಕ್ಕೇ ನಿಲ್ಲಿಸದೆ ಅಕ್ಕಪಕ್ಕದ ಇನ್ನೆರಡು ಸ್ಟಾಪುಗಳಿಂದಲೂ ಹಾಗೆಯೇ ಹಾಕಿ ನೋಡಿ. ಮ್ಯಾಪ್ ಯಾವಾಗಲೂ ಕಡಿಮೆ ನಿಮಿಷದ ದಾರಿ ಕೊಡುತ್ತದೆ, ಕಡಿಮೆ ಮೆಟ್ಟಿಲಿನ ದಾರಿಯನ್ನಲ್ಲ.

ಕಾಸ್ತೆಲ್ಲೊ ಭಾಗದ ವಿಯಾ ಗರಿಬಾಲ್ದಿ ಇದಕ್ಕೆ ಒಳ್ಳೆಯ ಉದಾಹರಣೆ. ನೆಪೋಲಿಯನ್ ಕಾಲದಲ್ಲಿ ಕಾಲುವೆ ಮುಚ್ಚಿ ಮಾಡಿದ ಅಗಲ ಬೀದಿ ಇದು. ತರಕಾರಿ, ಬೇಕರಿ, ಬಾರು ಎಲ್ಲ ಇದೆ, ಊರಿನ ಮಂದಿಯೇ ಹೆಚ್ಚು. ಈ ಬೀದಿಗೆ ಆರ್ಸೆನಾಲೆ ಸ್ಟಾಪ್ ಹತ್ತಿರ ಎಂದು ಎಲ್ಲರೂ ಹೇಳುತ್ತಾರೆ, ಮ್ಯಾಪ್ ಕೂಡ ಹಾಗೇ ಹೇಳುತ್ತದೆ. ಆದರೆ ಅಲ್ಲಿ ಇಳಿದರೆ ನಡುವೆ ಸೇತುವೆ ಹತ್ತಿಳಿಯಲೇಬೇಕು. ಒಂದು ಸ್ಟಾಪ್ ಮುಂದೆ ಹೋಗಿ ಜಾರ್ದೀನಿಯಲ್ಲಿ ಇಳಿದು ಮರಗಳ ಸಾಲಿನ ನಡುವಿನ ದಾರಿ ಹಿಡಿದರೆ ಸ್ವಲ್ಪ ಹೆಚ್ಚು ನಡೆಯಬೇಕು, ಸೇತುವೆ ಮಾತ್ರ ಒಂದೂ ಇಲ್ಲ. ಚಕ್ರದ ಸೂಟ್‌ಕೇಸ್ ಉರುಳಿಸಿಕೊಂಡೇ ಹೋಗಬಹುದು.

ಇಂಥ ಜಾಗಗಳು ಇನ್ನೂ ಇವೆ. ಸಾಂತಾ ಲುಚಿಯಾ ರೈಲು ನಿಲ್ದಾಣದಿಂದ ಎಡಕ್ಕೆ ಹೊರಟು ಲಿಸ್ತಾ ದಿ ಸ್ಪಾನ್ಯಾ ಬೀದಿಯಲ್ಲಿ ಗೂಲ್ಯೆ ಸೇತುವೆ ಬರುವ ತನಕ ನೆಲ ಸಮತಟ್ಟು. ಸಾನ್ ಮಾರ್ಕುವೋಲಾ ಸ್ಟಾಪಿನಿಂದ ರಿಯೊ ತೆರಾ ಸಾನ್ ಲೆಯೊನಾರ್ದೊ ಬೀದಿಗೂ, ಕಾ ದೋರೊ ಸ್ಟಾಪಿನಿಂದ ಸ್ತ್ರಾದಾ ನೋವಾಗೂ ಸೇತುವೆ ಇಲ್ಲದೆ ಬರಬಹುದು. ವಿಳಾಸದಲ್ಲಿ ‘ರಿಯೊ ತೆರಾ’ ಎಂದಿದ್ದರೆ ಅದು ಮುಚ್ಚಿದ ಕಾಲುವೆ, ಸಾಮಾನ್ಯವಾಗಿ ಅಗಲ ದಾರಿ. ‘ಕೋರ್ತೆ’ ಎಂದಿದ್ದರೆ ಒಳ ಅಂಗಳ. ಸದ್ದಿರುವುದಿಲ್ಲ, ಬೆಳಕೂ ಅಷ್ಟಕ್ಕಷ್ಟೆ. ವಯಸ್ಸಾದವರೋ ಮಂಡಿನೋವಿನವರೋ ಜೊತೆಗಿದ್ದರೆ ವೆನಿಸ್ ನಗರಸಭೆ ಪ್ರಕಟಿಸುವ, ಸೇತುವೆ ಹತ್ತದೆ ಬೋಟಿನಿಂದಲೇ ತಲುಪಬಹುದಾದ ಜಾಗಗಳ ನಕ್ಷೆಯನ್ನು ಮೊದಲು ನೋಡಿ, ಅದರೊಳಗೇ ಮನೆ ಹುಡುಕಿ.

ವಪೊರೆತ್ತೊದಲ್ಲಿ ಸಾಮಾನಿಗೂ ಮಿತಿಯಿದೆ: ಉದ್ದ, ಅಗಲ, ಎತ್ತರ ಕೂಡಿದರೆ 150 ಸೆಂಟಿಮೀಟರ್ ಮೀರದ ಒಂದು ಸೂಟ್‌ಕೇಸ್ ಟಿಕೆಟ್ಟಿನೊಳಗೇ ಸೇರುತ್ತದೆ. ವಿಮಾನದವರು ಒಪ್ಪುವ ಮಿತಿ 158 ಸೆಂಟಿಮೀಟರ್. ಅಂದರೆ ವಿಮಾನದಲ್ಲಿ ತಕರಾರಿಲ್ಲದೆ ಬಂದ 28 ಇಂಚಿನ ಸೂಟ್‌ಕೇಸ್ ಬೋಟಿನ ಮಿತಿಯನ್ನು ದಾಟಿರಬಹುದು. ಊರಿನಿಂದ ಹೊರಡುವಾಗಲೇ ಟೇಪು ಹಿಡಿದು ನೋಡಿದರೆ ಒಳ್ಳೆಯದು. ದೊಡ್ಡದೊಂದರ ಬದಲು ಸಣ್ಣವೆರಡು ತಂದರೆ ಮೆಟ್ಟಿಲಿಗೂ ಹಿತ.

ಮನೆಯ ಜಾಗ ತೀರ್ಮಾನವಾಗುವುದು ನೀವು ಊರಿಗೆ ಯಾವ ಬಾಗಿಲಿನಿಂದ ಬರುತ್ತೀರಿ ಎಂಬುದರ ಮೇಲೂ. ಮಾರ್ಕೊ ಪೋಲೊ ವಿಮಾನ ನಿಲ್ದಾಣ ಇರುವುದು ತೆಸ್ಸೆರಾ ಎಂಬಲ್ಲಿ, ಮುಖ್ಯಭೂಮಿಯ ಮೇಲೆ. ಅಲ್ಲಿಂದ ಬಸ್ಸು ಹಿಡಿದರೆ ಇಪ್ಪತ್ತು–ಇಪ್ಪತ್ತೈದು ನಿಮಿಷದಲ್ಲಿ ಪಿಯಾತ್ಸಾಲೆ ರೋಮಾ. ಚಕ್ರದ ಗಾಡಿಗಳ ರಸ್ತೆ ಅಲ್ಲಿಗೆ ಮುಗಿಯಿತು. ಮುಂದೆ ವಪೊರೆತ್ತೊ ಅಥವಾ ಕಾಲು. ಅಲ್ಲಿಂದ ರೈಲು ನಿಲ್ದಾಣದ ಕಡೆಗೆ ದಾಟಿಸುವ ಕಾನ್ಸ್ತಿತುತ್ಸಿಯೋನೆ ಸೇತುವೆ 2008ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಕಲಾತ್ರಾವಾನ ವಿನ್ಯಾಸ. ನೋಡಲು ಚೆಂದ. ಆದರೆ ಅದರ ಗಾಜಿನ ಮೆಟ್ಟಿಲುಗಳು ಮಳೆ ಬಿದ್ದಾಗ ಜನರನ್ನು ಬೀಳಿಸಿಯೇ ಹೆಸರು ಮಾಡಿದವು.

ಇನ್ನೊಂದು ದಾರಿ ಅಲಿಲಗೂನಾ ಬೋಟು, ವಿಮಾನ ನಿಲ್ದಾಣದ ಜೆಟ್ಟಿಯಿಂದಲೇ ಹೊರಡುತ್ತದೆ. ಟರ್ಮಿನಲ್ಲಿನಿಂದ ಜೆಟ್ಟಿಗೆ ಹತ್ತು ನಿಮಿಷದ ನಡಿಗೆ. ಇದರ ಕಿತ್ತಳೆ ಮಾರ್ಗ ಕನ್ನರೇಜೊ ಭಾಗದ ಮದೊನ್ನಾ ದೆಲ್ಲೋರ್ತೊ, ಗೂಲ್ಯೆ ಮೂಲಕ ಹೋದರೆ, ನೀಲಿ ಮಾರ್ಗ ಫೊಂದಮೆಂತೆ ನೋವೆ ಮೂಲಕ ಸುತ್ತಿ ಹೋಗುತ್ತದೆ. ಸಾನ್ ಮಾರ್ಕೊ ತನಕ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಗೂಲ್ಯೆ ಪಕ್ಕದಲ್ಲೇ ಮನೆಯಿದ್ದರೆ ಮಾತ್ರ ಇದರಷ್ಟು ಸಲೀಸು ಇನ್ನೊಂದಿಲ್ಲ. ಒಮ್ಮೆ ಹತ್ತಿ ಒಮ್ಮೆ ಇಳಿದರೆ ಮುಗಿಯಿತು. ಊರಿನ ವಪೊರೆತ್ತೊ ಪಾಸು ಇದರಲ್ಲಿ ನಡೆಯುವುದಿಲ್ಲ ಎಂಬುದು ನೆನಪಿರಲಿ. ವಾಟರ್ ಟ್ಯಾಕ್ಸಿ ನೂರು ಯೂರೋ ದಾಟಿಯೇ ಮಾತಾಡುತ್ತದೆ. ಆದರೂ ಆರು ಜನ ಹಂಚಿಕೊಂಡರೆ, ಮನೆಯ ಮುಂದೆಯೇ ಬೋಟು ನಿಲ್ಲಿಸಲು ಕಟ್ಟೆಯಿದ್ದರೆ, ಅದು ದುಂದುವೆಚ್ಚವಲ್ಲ. ಕಟ್ಟೆ ಇದೆಯೇ ಎಂದು ಮಾಲೀಕರನ್ನು ಕೇಳಬೇಕು, ಇಲ್ಲದಿದ್ದರೆ ಟ್ಯಾಕ್ಸಿಯಿಂದ ಇಳಿದ ಮೇಲೂ ಎರಡು ಸೇತುವೆ ಕಾದಿರುತ್ತವೆ.

ಇನ್ನು ವಿಳಾಸ. ಬೆಂಗಳೂರಿನ ಹಳೇ ನಂಬರು–ಹೊಸ ನಂಬರಿನ ಗೋಜಲು ದಾಟಿ ಬಂದವರನ್ನೂ ಇದು ಸುಸ್ತು ಮಾಡುತ್ತದೆ. ಹಳೇ ವೆನಿಸ್ ಆರು ಭಾಗ: ಕನ್ನರೇಜೊ, ಕಾಸ್ತೆಲ್ಲೊ, ಸಾನ್ ಮಾರ್ಕೊ, ಸಾನ್ ಪೋಲೊ, ಸಾಂತಾ ಕ್ರೋಚೆ, ದೊರ್ಸೊದೂರೊ. ಮನೆ ನಂಬರು ಬೀದಿಗೆ ಕೊಟ್ಟದ್ದಲ್ಲ, ಇಡೀ ಭಾಗಕ್ಕೆ ಸಾಲಾಗಿ ಕೊಟ್ಟದ್ದು. ಕಾಸ್ತೆಲ್ಲೊದಲ್ಲಿ ಅದು 6,000 ದಾಟುತ್ತದೆ. ‘ಕಾಸ್ತೆಲ್ಲೊ 3600’ ಎಂದಷ್ಟೇ ಕೊಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ. ಗಲ್ಲಿಯ ಹೆಸರೂ ಬೇಕು, ಒಂದೇ ಹೆಸರಿನ ಗಲ್ಲಿಗಳು ಹಲವಿರುವುದರಿಂದ ಹತ್ತಿರದ ಚರ್ಚಿನ ಅಥವಾ ಚೌಕದ ಹೆಸರೂ ಬೇಕು. ಇಕ್ಕಟ್ಟಾದ ಗಲ್ಲಿಗಳಲ್ಲಿ ಫೋನಿನ ಜಿಪಿಎಸ್ ತಡಕಾಡುತ್ತದೆ. ಬೋಟ್ ಸ್ಟಾಪಿನಿಂದ ಬಾಗಿಲಿನವರೆಗೆ ಪ್ರತಿ ತಿರುವಿನ ಫೋಟೊ ಕಳಿಸುವ ಮಾಲೀಕರು ಇದ್ದಾರೆ. ಅಂಥವರ ಮನೆಗೆ ಹತ್ತು ಯೂರೋ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪಿನ್ ಕೋಡ್ ನೋಡುವ ಅಭ್ಯಾಸ ಮಾಡಿಕೊಳ್ಳಿ. 30121 ಕನ್ನರೇಜೊ, 30122 ಕಾಸ್ತೆಲ್ಲೊ, 30123 ದೊರ್ಸೊದೂರೊ, 30124 ಸಾನ್ ಮಾರ್ಕೊ, 30125 ಸಾನ್ ಪೋಲೊ, 30135 ಸಾಂತಾ ಕ್ರೋಚೆ. 30126 ಬಂದರೆ ಅದು ಲೀದೊ ದ್ವೀಪ, 30133 ಜುದೆಕ್ಕಾ. 3017ರಿಂದ ಶುರುವಾದರೆ ಅದು ಮೆಸ್ತ್ರೆ ಅಥವಾ ಮರ್ಗೇರಾ, ಅಂದರೆ ನೀರಿನಾಚೆಯ ಮುಖ್ಯಭೂಮಿ. ಜಾಹೀರಾತಿನ ತಲೆಬರಹದಲ್ಲಿ ‘ವೆನಿಸ್’ ಎಂದೇ ಇರುತ್ತದೆ, ಕಾನೂನಿನ ಪ್ರಕಾರ ಅದು ಸರಿ ಕೂಡ, ಏಕೆಂದರೆ ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿದ್ದು. 2025ರಿಂದ ಇಟಲಿಯಲ್ಲಿ ಬಾಡಿಗೆಗೆ ಕೊಡುವ ಪ್ರತಿ ಪ್ರವಾಸಿ ಮನೆಗೂ ಸಿಐಎನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಅದು ಕಾಣುವಂತಿರಬೇಕು. ವೆನಿಸ್‌ನದ್ದು ಐಟಿ027042 ಎಂದು ಶುರುವಾಗುತ್ತದೆ. ಈ ಸಂಖ್ಯೆಯೇ ಇಲ್ಲದ ಮನೆಯನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಸಂಖ್ಯೆ ಇದೆ ಎಂದ ಮಾತ್ರಕ್ಕೆ ಮನೆ ಹಳೇ ಊರಿನಲ್ಲಿದೆ ಎಂದೂ ತಿಳಿಯಬೇಡಿ, ಮೆಸ್ತ್ರೆಯ ಮನೆಗೂ ಅದೇ ಆರಂಭ.

ಮೆಸ್ತ್ರೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ರೈಲಿನಲ್ಲಿ ಹತ್ತು–ಹನ್ನೆರಡು ನಿಮಿಷ, ಟ್ರ್ಯಾಮ್ ನೇರ ಪಿಯಾತ್ಸಾಲೆ ರೋಮಾಕ್ಕೆ ಬರುತ್ತದೆ, ಲಿಫ್ಟ್ ಇರುವ ಕಟ್ಟಡ ಸಿಗುತ್ತವೆ, ಬಾಡಿಗೆ ಕಡಿಮೆ. ನಿಲ್ದಾಣದ ಸುತ್ತ ಬಾಂಗ್ಲಾದೇಶದವರ ಅಂಗಡಿಗಳಲ್ಲಿ ತೊಗರಿಬೇಳೆ, ಹಸಿಮೆಣಸಿನಕಾಯಿ ಕೂಡ ಸಿಗುತ್ತದೆ. ಒಂದೇ ರಾತ್ರಿ ತಂಗಿ ಮರುದಿನ ಮಿಲಾನ್‌ಗೋ ವೆರೋನಾಕ್ಕೋ ಹೊರಡುವವರಿಗೆ ಅದೇ ಸರಿ. ಆದರೆ ಮೂರು ದಿನಕ್ಕೆಂದು ಬಂದವರು ಮೆಸ್ತ್ರೆಯಲ್ಲಿ ಉಳಿದರೆ ಬೆಳಿಗ್ಗೆ ಹತ್ತಕ್ಕೆ ಎಲ್ಲರ ಜೊತೆ ನುಗ್ಗಿ ಸಂಜೆ ಎಲ್ಲರ ಜೊತೆ ಹೊರಬೀಳುತ್ತಾರೆ. ಹಳೇ ಊರಿನಲ್ಲಿ ಈಗ ಐವತ್ತು ಸಾವಿರಕ್ಕಿಂತ ಕಡಿಮೆ ಜನ ಉಳಿದಿದ್ದಾರೆ. ರಿಯಾಲ್ತೊ ಹತ್ತಿರದ ಸಾನ್ ಬರ್ತೊಲೊಮೆಯೊ ಚೌಕದ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ ಆ ಸಂಖ್ಯೆಯನ್ನು 2008ರಿಂದ ತೋರಿಸುತ್ತಾ ಬಂದಿದ್ದಾರೆ. ಆ ಉಳಿದ ಜನ ತರಕಾರಿ ಕೊಳ್ಳುವ, ಮಕ್ಕಳನ್ನು ಶಾಲೆಗೆ ಬಿಡುವ, ರಾತ್ರಿ ಒಂಬತ್ತರ ಮೇಲೆ ಚೌಕದಲ್ಲಿ ಕೂರುವ ವೆನಿಸ್ ನೋಡಬೇಕಾದರೆ ಊರೊಳಗೇ ಮಲಗಬೇಕು. ಮೆಸ್ತ್ರೆಯಲ್ಲಿ ಉಳಿಸಿದ ದುಡ್ಡು ಇದಕ್ಕೆ ಸಮನಲ್ಲ ಎಂಬುದು ನಮ್ಮ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಮೊದಲ ಸಲ ಬರುವ ಕುಟುಂಬಕ್ಕೆ ಕನ್ನರೇಜೊವೇ ಸರಿ, ಅದರಲ್ಲೂ ಸಾನ್ ಮಾರ್ಕುವೋಲಾ ಮತ್ತು ಕಾ ದೋರೊ ನಡುವಿನ ಪಟ್ಟಿ. ರೈಲು ನಿಲ್ದಾಣ ಒಂದು ಕಡೆ, ರಿಯಾಲ್ತೊ ಇನ್ನೊಂದು ಕಡೆ, ಎರಡೂ ನಡಿಗೆಯ ದೂರ. ಸೂಪರ್ ಮಾರ್ಕೆಟ್‌ಗಳಿವೆ, ಸ್ತ್ರಾದಾ ನೋವಾ ಸಾಲಿನಲ್ಲಿ ಹಳೇ ಚಿತ್ರಮಂದಿರ ‘ತೆಯಾತ್ರೊ ಇತಾಲಿಯಾ’ದೊಳಗೇ ಒಂದು ನಡೆಯುತ್ತಿದೆ, ಭಿತ್ತಿಚಿತ್ರಗಳ ಕೆಳಗೆ ಹಾಲು ಮೊಸರು ಕೊಳ್ಳಬಹುದು. ಎರಡನೇ ಸಲ ಬರುವವರು ಕಾಸ್ತೆಲ್ಲೊದ ವಿಯಾ ಗರಿಬಾಲ್ದಿ ಸುತ್ತ ನೋಡಲಿ. ಬಿಯೆನ್ನಾಲೆ ಕಲಾ ಪ್ರದರ್ಶನ ಅಲ್ಲೇ, ಜಾರ್ದೀನಿ ಮತ್ತು ಆರ್ಸೆನಾಲೆಯಲ್ಲಿ ನಡೆಯುವುದರಿಂದ ಆ ತಿಂಗಳುಗಳಲ್ಲಿ ಬಾಡಿಗೆ ಏರಿರುತ್ತದೆ. ಸಾಂತಾ ಕ್ರೋಚೆಯ ಸಾನ್ ಜಾಕೊಮೊ ದಲ್ಲೋರಿಯೊ ಚೌಕದ ಸುತ್ತ ಮಕ್ಕಳು ಚೆಂಡಾಡುವ ಜಾಗವಿದೆ. ದೊರ್ಸೊದೂರೊದ ಜಾತ್ತೆರೆ ದಡದಲ್ಲಿ ಚಳಿಗಾಲದ ಬಿಸಿಲು ಚೆನ್ನಾಗಿ ಬೀಳುತ್ತದೆ, ಅಗಲವಾದ ದಾರಿ, ದೊಡ್ಡ ಬೋಟುಗಳ ಸ್ಟಾಪು. ಸಾನ್ ಮಾರ್ಕೊ ಭಾಗವೋ? ಹಗಲು ಕಾಲಿಡಲು ಜಾಗವಿಲ್ಲ, ಹಾಲು ಕೊಳ್ಳಲು ಅಂಗಡಿ ಹುಡುಕಬೇಕು, ಬಾಡಿಗೆ ಎಲ್ಲಕ್ಕಿಂತ ಜಾಸ್ತಿ. ಹೆಸರಿಗೆ ದುಡ್ಡು ಕೊಟ್ಟ ಹಾಗೆ.

ಜುದೆಕ್ಕಾ, ಊರಿನ ಪೂರ್ವ ತುದಿಯ ಸಾಂತೆಲೆನಾ, ಲೀದೊ ಅಗ್ಗ ಎನ್ನುವವರು ಒಂದು ಕೂಡಿಸುವ ಲೆಕ್ಕ ಮಾಡಬೇಕು. ವಪೊರೆತ್ತೊ ಬಿಡಿ ಟಿಕೆಟ್ 9.50 ಯೂರೋ, 75 ನಿಮಿಷ ನಡೆಯುತ್ತದೆ. 24 ಗಂಟೆಯ ಪಾಸು 25, 48ರದ್ದು 35, 72ರದ್ದು 45, ಏಳು ದಿನದ್ದು 65 ಯೂರೋ. ದರ ಏರುತ್ತಿರುತ್ತದೆ, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ. ನಾಲ್ಕು ದೊಡ್ಡವರು ಮೂರು ದಿನಕ್ಕೆ ಪಾಸು ತೆಗೆದರೆ 180 ಯೂರೋ. ಜುದೆಕ್ಕಾದ ಮನೆ ರಾತ್ರಿಗೆ 30 ಯೂರೋ ಅಗ್ಗವಿದ್ದರೆ ಮೂರು ರಾತ್ರಿಗೆ ಉಳಿಯುವುದು 90. ಕನ್ನರೇಜೊದಲ್ಲಿ ಉಳಿದವರು ಬಂದ ದಿನ ಮತ್ತು ಹೊರಡುವ ದಿನ ಬಿಟ್ಟರೆ ಬೋಟು ಹತ್ತದೆಯೂ ಇರಬಹುದು. ಜುದೆಕ್ಕಾದವರಿಗೆ ಕಾಫಿ ಕುಡಿಯಲು ಆಚೆ ದಡಕ್ಕೆ ಬಂದರೂ ಬೋಟೇ ಗತಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 6ರಿಂದ 29 ವಯಸ್ಸಿನವರಿಗೆ ರಿಯಾಯಿತಿ ಕಾರ್ಡ್ ಸಿಗುತ್ತದೆ. ಆಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮಂಜು ಕವಿದ ಚಳಿಗಾಲದ ಬೆಳಗು, ಬೋಟಿನವರ ಮುಷ್ಕರದ ದಿನ, ಇವು ದ್ವೀಪದ ಮನೆಯ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

ಜಾಗ ಚೆನ್ನಾಗಿದ್ದೂ ನಿದ್ದೆ ಕೆಡುವ ಮನೆಗಳುಂಟು. ಕಾಂಪೊ ಸಾಂತಾ ಮಾರ್ಗರೀತಾ ಚೌಕ ವಿಶ್ವವಿದ್ಯಾಲಯದ ಹುಡುಗರ ಅಡ್ಡೆ, ಕಾಲುವೆ ಪಕ್ಕದ ಮಿಜೆರಿಕೋರ್ದಿಯಾ ಮತ್ತು ಓರ್ಮೆಜೀನಿ ಸಾಲು ಬಾರುಗಳದ್ದು, ರಿಯಾಲ್ತೊ ಮಾರ್ಕೆಟ್ಟಿನ ಹಿಂದೆ ಸಂಜೆಯ ಗ್ಲಾಸು ಹಿಡಿದ ಗುಂಪು. ಕಾರಿನ ಸದ್ದೇ ಇಲ್ಲದ ಊರಾದ್ದರಿಂದ ಮನುಷ್ಯರ ಮಾತು ಕಲ್ಲಿನ ಗೋಡೆಗಳ ನಡುವೆ ಸಿಕ್ಕಿ ಮೂರನೇ ಮಹಡಿಗೂ ಸ್ಪಷ್ಟವಾಗಿ ಏರುತ್ತದೆ. ಗ್ರ್ಯಾಂಡ್ ಕೆನಾಲ್ ಕಾಣುವ ಕಿಟಕಿ ಬೇಕೆಂದು ಹಟ ಹಿಡಿಯುವವರು ಅದರ ಕೆಳಗೇ ವಪೊರೆತ್ತೊ ಸ್ಟಾಪು ಇದೆಯೇ ನೋಡಲಿ. ಪ್ರತಿ ಬೋಟು ಬಂದಾಗಲೂ ಎಂಜಿನ್ ಹಿಂದಕ್ಕೆ ಗುಡುಗಿ ತೇಲುಕಟ್ಟೆಗೆ ಢಿಕ್ಕಿ ಕೊಟ್ಟೇ ನಿಲ್ಲುತ್ತದೆ. ಪುಟ್ಟ ಕಾಲುವೆಯ ಕಿಟಕಿಗೂ ಅದರದೇ ಕಾಟ: ಬೆಳಗಿನ ಜಾವ ಸಾಮಾನು ಬೋಟು, ಬೇಸಿಗೆಯಲ್ಲಿ ಸೊಳ್ಳೆ, ನೀರಿಳಿತದ ಹೊತ್ತಿಗೆ ಕೆಸರಿನ ವಾಸನೆ. ಚರ್ಚಿನ ಗಂಟೆಯ ಬಗ್ಗೆ ಹೇಳುವುದೇ ಬೇಡ, ಎಲ್ಲಿ ಹೋದರೂ ಇದೆ.

ಮಹಡಿಯ ವಿಷಯಕ್ಕೆ ಬಂದರೆ ವೆನಿಸ್‌ನಲ್ಲಿ ನೆಲಮಾಳಿಗೆಗೂ ನೆಲಮಹಡಿಗೂ ಹೆಚ್ಚು ವ್ಯತ್ಯಾಸವಿಲ್ಲ, ಎರಡಕ್ಕೂ ನೀರು ನೆಂಟ. ಅಕ್ವಾ ಆಲ್ತಾ ಎಂದು ಕರೆಯುವ ಉಬ್ಬರದ ನೀರು ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬರುತ್ತದೆ. 1966ರ ನವೆಂಬರ್ 4ರಂದು 194 ಸೆಂಟಿಮೀಟರ್, 2019ರ ನವೆಂಬರ್ 12ರಂದು ಸುಮಾರು 187 ಸೆಂಟಿಮೀಟರ್ ದಾಖಲಾಗಿತ್ತು. ಇದು ಬೀದಿಯ ನೆಲದಿಂದಲ್ಲ, ಸಮುದ್ರಮಟ್ಟದ ಗುರುತಿನಿಂದ ಅಳೆದ ಎತ್ತರ. 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ನಿಜವಾದ ಉಬ್ಬರದೆದುರು ಎದ್ದು ನಿಂತ ಮೋಸೆ ತಡೆಗೋಡೆಗಳು ಅಂಥ ದುರಂತವನ್ನು ತಪ್ಪಿಸುತ್ತಿವೆ. ಆದರೆ ಸಾಮಾನ್ಯವಾಗಿ 110 ಸೆಂಟಿಮೀಟರ್ ಮುನ್ಸೂಚನೆ ಇದ್ದಾಗಲೇ ಅವನ್ನು ಎತ್ತುವುದು. ಅದಕ್ಕಿಂತ ಕೆಳಗಿನ ನೀರು ಊರಿನ ತಗ್ಗು ಜಾಗಗಳಿಗೆ ಈಗಲೂ ಬರುತ್ತದೆ, ಸಾನ್ ಮಾರ್ಕೊ ಚೌಕಕ್ಕೇ ಮೊದಲು. ಮನೆಯ ಫೋಟೊಗಳಲ್ಲಿ ಹೊರಬಾಗಿಲನ್ನು ಹಿಗ್ಗಿಸಿ ನೋಡಿ. ಬಾಗಿಲಿನ ಎರಡೂ ಪಕ್ಕ, ನೆಲದಿಂದ ಮಂಡಿಯೆತ್ತರಕ್ಕೆ ನಡುವೆ ಸೀಳಿರುವ ಲೋಹದ ಪಟ್ಟಿ ಕೂರಿಸಿದ್ದರೆ ಅದು ನೀರು ತಡೆಯುವ ಹಲಗೆ ಇಳಿಸುವ ಜಾಗ. ಆ ಬಾಗಿಲಿಗೆ ನೀರು ಬಂದದ್ದುಂಟು. ಒಳಗಿನ ಗೋಡೆಯ ಕೆಳಭಾಗದಲ್ಲಿ ಸುಣ್ಣ ಉಬ್ಬಿ ಪುಡಿಪುಡಿಯಾಗಿ ಕಾಣುತ್ತಿದ್ದರೆ ಅದು ಕಲ್ಲಿನೊಳಗೆ ಮೇಲೇರಿದ ಉಪ್ಪು. ಹೊಸ ಬಣ್ಣ ಬಳಿದ ಫೋಟೊ ಒಂದು ಚಳಿಗಾಲ ಮಾತ್ರ ಸುಳ್ಳು ಹೇಳಬಲ್ಲದು. ಆ ವಾಸನೆ ಬಟ್ಟೆಗೂ ಹತ್ತುತ್ತದೆ.

ಮೇಲಿನ ಮಹಡಿಯೇ ವಾಸಿ, ಆದರೆ ಹಳೇ ಮನೆಗಳಲ್ಲಿ ಲಿಫ್ಟ್ ಅಪರೂಪ. ‘ಎರಡನೇ ಮಹಡಿ’ ಎಂದರೆ ನೆಲಮಹಡಿ ಬಿಟ್ಟು ಎರಡು; ನಡುವೆ ಮೆಜ್ಜನೀನೊ ಎಂಬ ಗಿಡ್ಡ ಮಹಡಿಯಿದ್ದರೆ ಅದನ್ನು ಎಣಿಸಿರುವುದಿಲ್ಲ. ಆದ್ದರಿಂದ ಎಷ್ಟನೇ ಮಹಡಿ ಎಂದು ಕೇಳುವ ಬದಲು ಮೆಟ್ಟಿಲೆಷ್ಟು ಎಂದೇ ಕೇಳಿ. ಸೂರಿನಡಿಯ ಮನ್ಸಾರ್ದಾ ಕೋಣೆಗಳು ಫೋಟೊದಲ್ಲಿ ಮುದ್ದಾಗಿರುತ್ತವೆ, ಮರದ ತೊಲೆಗಳು, ಇಳಿಜಾರು ಚಾವಣಿ. ಜುಲೈ–ಆಗಸ್ಟ್‌ನಲ್ಲಿ ಏಸಿ ಇಲ್ಲದಿದ್ದರೆ ಅಲ್ಲಿ ಬೇಯುತ್ತೀರಿ, ಎತ್ತರದವರು ತೊಲೆಗೆ ತಲೆಯನ್ನೂ ಹೊಡೆಸಿಕೊಳ್ಳುತ್ತೀರಿ. ಚಳಿಗಾಲಕ್ಕೆ ಬೇರೆ ನಿಯಮ: ಈ ಪ್ರದೇಶದಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆಗೆ ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ಮಾತ್ರ ಅನುಮತಿ. ಅಕ್ಟೋಬರ್ ಮೊದಲ ವಾರ ಹೋಗುವವರು ಒಂದು ಹೊದಿಕೆ ಹೆಚ್ಚು ಇದೆಯೇ ಕೇಳಿಕೊಳ್ಳಲಿ.

ಅಡುಗೆಮನೆಗೆಂದೇ ಹೋಟೆಲು ಬಿಟ್ಟು ಅಪಾರ್ಟ್‌ಮೆಂಟ್ ಹುಡುಕುವ ನಮ್ಮವರಿಗೆ ಕರೆಂಟಿನ ಮಾತು ಮುಖ್ಯ. ಇಟಲಿಯ ಸಾಮಾನ್ಯ ಮನೆಗೆ 3 ಕಿಲೋವ್ಯಾಟ್ ಸಂಪರ್ಕವಷ್ಟೇ ಇರುತ್ತದೆ. ಇಂಡಕ್ಷನ್ ಒಲೆ, ವಾಷಿಂಗ್ ಮಷಿನ್, ಏಸಿ ಮೂರನ್ನೂ ಒಟ್ಟಿಗೆ ಹಾಕಿದರೆ ಟಕ್ಕೆಂದು ಹೋಗುತ್ತದೆ. ಮತ್ತೆ ಎತ್ತಬೇಕಾದ ಸ್ವಿಚ್ಚು ಎಷ್ಟೋ ಕಟ್ಟಡಗಳಲ್ಲಿ ಕೆಳಗೆ, ಹೊರಬಾಗಿಲ ಬಳಿಯ ಮೀಟರ್ ಪೆಟ್ಟಿಗೆಯಲ್ಲಿರುತ್ತದೆ. ಮೀಟರ್ ಎಲ್ಲಿದೆ ಎಂದು ಕೀಲಿ ಇಸಿದುಕೊಳ್ಳುವಾಗಲೇ ತೋರಿಸಲು ಹೇಳಿ. ಇಂಡಕ್ಷನ್ ಮೇಲೆ ಅಲ್ಯುಮಿನಿಯಂ ಕುಕ್ಕರ್ ಕೆಲಸ ಮಾಡುವುದಿಲ್ಲ, ಒಯ್ಯುವುದಾದರೆ ಸ್ಟೀಲಿನದ್ದೇ ಒಯ್ಯಿರಿ. ವೋಲ್ಟೇಜ್ ನಮ್ಮದೇ ಆದರೂ ನಮ್ಮ ದಪ್ಪ ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹಿಡಿಸದು, ಅಡಾಪ್ಟರ್ ಬೇಕು. ರಿಯಾಲ್ತೊ ಮಾರ್ಕೆಟ್ಟಿನಲ್ಲಿ ತರಕಾರಿ ಬೆಳಿಗ್ಗೆ ಮಾತ್ರ, ಭಾನುವಾರ ರಜೆ. ಸ್ನಾನದ ಮನೆಯ ಬಗ್ಗೆ ನೆಮ್ಮದಿಯ ಸುದ್ದಿ: ಇಟಲಿಯಲ್ಲಿ 1975ರ ಒಂದು ಸರ್ಕಾರಿ ಆದೇಶದ ಪ್ರಕಾರ ಮನೆಯಲ್ಲಿ ಬಿದೇ, ಅಂದರೆ ಶೌಚದ ನಂತರ ತೊಳೆದುಕೊಳ್ಳುವ ನಲ್ಲಿಯ ತೊಟ್ಟಿ, ಇರಬೇಕು. ಯುರೋಪಿನ ಬೇರೆಡೆ ಚೊಂಬು ಹುಡುಕಿ ಸೋತವರಿಗೆ ಇದು ಸಣ್ಣ ಮಾತಲ್ಲ.

ಬಾಡಿಗೆಯ ಮೇಲೆ ಬರುವ ಖರ್ಚುಗಳನ್ನು ಕೂಡಿಸದೆ ಎರಡು ಮನೆಗಳನ್ನು ಹೋಲಿಸಬೇಡಿ. ಸ್ವಚ್ಛತಾ ಶುಲ್ಕ ಒಂದು ರಾತ್ರಿಗೂ ಅಷ್ಟೇ, ಐದು ರಾತ್ರಿಗೂ ಅಷ್ಟೇ. ರಾತ್ರಿ ತಡವಾಗಿ ಬಂದರೆ ಕೀಲಿ ಕೊಡಲು ಹೆಚ್ಚುವರಿ ಕೇಳುವವರಿದ್ದಾರೆ. ಪ್ರವಾಸಿ ತೆರಿಗೆ ತಲೆಗೊಂದು, ರಾತ್ರಿಗೊಂದು, ಗರಿಷ್ಠ ಐದು ರಾತ್ರಿಗೆ. ಹತ್ತು ವರ್ಷದೊಳಗಿನವರಿಗಿಲ್ಲ, 10ರಿಂದ 16ರವರಿಗೆ ಅರ್ಧ. ಇದನ್ನು ಎಷ್ಟೋ ಕಡೆ ಮನೆಯಲ್ಲೇ ನಗದಾಗಿ ಪಡೆಯುತ್ತಾರೆ. ಪಾಸ್‌ಪೋರ್ಟ್ ವಿವರ ಕೇಳಿದರೆ ಗಾಬರಿ ಬೇಡ. ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಸಲ್ಲಿಸುವುದು ಅಲ್ಲಿನ ಕಾನೂನು. 2024ರ ಏಪ್ರಿಲ್ 25ರಿಂದ ಶುರುವಾದ ಪ್ರವೇಶ ಶುಲ್ಕ ಗೊತ್ತುಪಡಿಸಿದ ದಿನಗಳಲ್ಲಿ ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಅನ್ವಯ, 2025ರಲ್ಲಿ ಅಂಥ 54 ದಿನಗಳಿದ್ದವು. ರಾತ್ರಿ ತಂಗುವವರು ಹಣ ಕಟ್ಟಬೇಕಿಲ್ಲ, ಆದರೆ ನಗರಸಭೆಯ ಜಾಲತಾಣದಲ್ಲಿ ವಿನಾಯಿತಿ ನೋಂದಾಯಿಸಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು. ಮೆಸ್ತ್ರೆಯಲ್ಲಿ ತಂಗಿದವರಿಗೂ ಇದೇ ವಿನಾಯಿತಿ. ಷೆಂಗೆನ್ ವೀಸಾಕ್ಕೆ ವಸತಿಯ ಪುರಾವೆ ಬೇಕಾದ್ದರಿಂದ ವೀಸಾ ಕೈಗೆ ಬರುವ ತನಕ ಉಚಿತವಾಗಿ ರದ್ದು ಮಾಡಬಹುದಾದ ಮನೆಯನ್ನೇ ಹಿಡಿಯಿರಿ; ಬುಕಿಂಗ್ ಪತ್ರದಲ್ಲಿ ಎಲ್ಲ ಪ್ರಯಾಣಿಕರ ಹೆಸರೂ ಇರಲಿ.

ವಿಮರ್ಶೆ ಓದುವಾಗ ಅಂಕ ನೋಡಿ ಪ್ರಯೋಜನವಿಲ್ಲ, 4.8 ಎಲ್ಲರಿಗೂ ಇದೆ. ಇಟಾಲಿಯನ್ನರು ಬರೆದದ್ದನ್ನು ಹುಡುಕಿ. ಹೊರಗಿನವರು ಕಿಟಕಿಯ ನೋಟ ಹೊಗಳುತ್ತಿರುವಾಗ ಅವರು ಮೆಟ್ಟಿಲು, ತೇವ, ಸದ್ದು, ಸೊಳ್ಳೆ ಬರೆದಿರುತ್ತಾರೆ. ಇವಕ್ಕೆ ಇಟಾಲಿಯನ್‌ನಲ್ಲಿ ಸ್ಕಾಲೆ (scale), ಉಮಿದಿತಾ (umidità), ರುಮೋರೆ (rumore), ಜನ್ಜಾರೆ (zanzare). ಈ ನಾಲ್ಕು ಪದ ಹಾಕಿ ಹುಡುಕಿದರೆ ಸಾಕು. ನವೆಂಬರಿಗೆ ಹೋಗುವವರು ನವೆಂಬರಿನ ವಿಮರ್ಶೆಗಳನ್ನೇ ಓದಲಿ, ಜೂನಿನಲ್ಲಿ ತಂಗಿದವನಿಗೆ ತೇವದ ಸುದ್ದಿ ಗೊತ್ತಿರುವುದಿಲ್ಲ. ಮಾಲೀಕರಿಗೆ ಕೇಳಬೇಕಾದದ್ದು ಯಾವ ಸ್ಟಾಪು, ಎಷ್ಟು ಸೇತುವೆ, ಎಷ್ಟು ಮೆಟ್ಟಿಲು. ‘ಸಾನ್ ಮಾರ್ಕುವೋಲಾ, ಸೇತುವೆ ಇಲ್ಲ, 34 ಮೆಟ್ಟಿಲು’ ಎಂಬ ಧಾಟಿಯ ಉತ್ತರ ಬಂದರೆ ಆ ಮನುಷ್ಯ ತನ್ನ ಮನೆಯ ಮೆಟ್ಟಿಲನ್ನು ತಾನೇ ಹತ್ತುತ್ತಾನೆ. ‘ಬಹಳ ಅನುಕೂಲದ ಜಾಗ, ಎಲ್ಲಕ್ಕೂ ಹತ್ತಿರ’ ಎಂದು ಬಂದರೆ ಹತ್ತಾರು ಮನೆ ನೋಡಿಕೊಳ್ಳುವ ಏಜೆನ್ಸಿಯ ಸಿದ್ಧ ಉತ್ತರ ಎಂದು ತಿಳಿಯಿರಿ.

ಹೊರಡುವ ದಿನದ ಲೆಕ್ಕವನ್ನು ಬುಕಿಂಗ್‌ಗೆ ಮೊದಲೇ ಹಾಕಬೇಕು. ಬೆಳಿಗ್ಗೆ ಏಳರ ವಿಮಾನಕ್ಕೆ ನಾಲ್ಕೂವರೆಗೆಲ್ಲ ಮನೆ ಬಿಡಬೇಕು. ಆ ಹೊತ್ತಿಗೆ ರಾತ್ರಿ ಮಾರ್ಗದ ಬೋಟು ಮಾತ್ರ, ಅದೂ ವಿರಳ. ಕಾಸ್ತೆಲ್ಲೊದ ತುದಿಯಲ್ಲಿ ಉಳಿದವರು ಕೊನೆಯ ರಾತ್ರಿಗೆ ಮಾತ್ರ ಪಿಯಾತ್ಸಾಲೆ ರೋಮಾ ಬಳಿಯ ಸಾಂತಾ ಕ್ರೋಚೆಗೋ ಮೆಸ್ತ್ರೆಗೋ ಮನೆ ಬದಲಾಯಿಸಿಕೊಂಡರೆ ನೆಮ್ಮದಿ. ಕಸದ ಚೀಲವನ್ನು ಕತ್ತಲಲ್ಲಿ ಬಾಗಿಲ ಹೊರಗಿಟ್ಟು ಹೋಗಬೇಡಿ. ಬೆಳಗಾದ ಮೇಲೆಯೇ ಅದನ್ನು ಒಯ್ಯುವುದು, ಅಷ್ಟರೊಳಗೆ ಕಡಲಹಕ್ಕಿಗಳು ಹರಿದು ಗಲ್ಲಿ ತುಂಬ ಹರಡಿರುತ್ತವೆ, ದಂಡದ ಚೀಟಿ ಮಾಲೀಕರ ಮೂಲಕ ನಿಮ್ಮ ಠೇವಣಿಗೇ ಬರುತ್ತದೆ. ಕಸವನ್ನು ಒಳಗೇ ಬಿಡಬಹುದೇ, ಕೀಲಿ ಎಲ್ಲಿಡಬೇಕು ಎಂಬುದನ್ನು ಹಿಂದಿನ ಸಂಜೆ ಸಂದೇಶ ಕಳಿಸಿ ಬರಹದಲ್ಲೇ ಉತ್ತರ ಪಡೆದಿಟ್ಟುಕೊಳ್ಳಿ.